ಸರಕು ವ್ಯಾನುಗಳ ಒಳಹಲಗೆಯೂ ತೇವದ ಬಾಧೆಯೂ

ಫಸಲನ್ನು ಬೆಳೆಯುವುದರಲ್ಲಿ ಎಷ್ಟು ಎಚ್ಚರವು ಬೇಕೋ, ಅದನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದರಲ್ಲಿಯೂ ಅಷ್ಟೇ ಎಚ್ಚರವು ಬೇಕು. ಹಿಂದೆ ನಮ್ಮ ಸೀಮೆಯಲ್ಲಿ ಈ ಕೆಲಸವು ಬಹುಮಟ್ಟಿಗೆ ಎತ್ತಿನ ಗಾಡಿಗಳಿಂದಲೇ ನಡೆಯುತ್ತಿತ್ತು. ಗಾಡಿಯ ಹಾಸುಹಲಗೆಗಳು ದಪ್ಪವಾದ ಗಟ್ಟಿಮರದವು. ಅವುಗಳ ಮೇಲೂ ಕೆಳಗೂ ಗಾಳಿಯಾಡುವುದಕ್ಕೆ ಅಡ್ಡಿಯಿರಲಿಲ್ಲ. ಮಳೆಯಲ್ಲಿ ನೆನೆದ ಗಾಡಿಯು ಮರುದಿನದ ಬಿಸಿಲಿನಲ್ಲಿ ತಾನಾಗಿಯೇ ಒಣಗುತ್ತಿತ್ತು. ಈಗ ಕೋಲಾರದ ಟೊಮೇಟೊ, ಚಿಕ್ಕಬಳ್ಳಾಪುರದ ಹೂವು, ಮಲೆನಾಡಿನ ಅಡಿಕೆ ಮುಂತಾದ ಹುಟ್ಟುವಳಿಗಳಲ್ಲಿ ಬಹುಭಾಗವು ಮೋಟಾರು ವಾಹನಗಳಲ್ಲಿ ಸಾಗುತ್ತಿರುವುದು. ಸ್ಥಿತಿವಂತರಾದ ಹಿಡುವಳಿದಾರರೂ ಸಹಕಾರ ಸಂಘದವರೂ ಸ್ವಂತಕ್ಕೆಂದು ಮುಚ್ಚಿದ ವ್ಯಾನುಗಳನ್ನು ಇಟ್ಟುಕೊಂಡಿರುವರು. ಇವುಗಳ ಮೈಯು ತೆಳುವಾದ ಉಕ್ಕಿನ ತಗಡು. ಕ್ರೇಟುಗಳ ಮೂಲೆ ತಾಗಿ ತಗಡು ನೆಗ್ಗದಿರಲೆಂದು ಒಳಗಡೆ ಪ್ಲೈವುಡ್ ಹಲಗೆಯನ್ನು ಹಾಸಿ ಗೋಡೆಗಳಿಗೂ ಹೊದಿಸುವುದು ವಾಡಿಕೆ.

ಈ ಹಲಗೆಯು ಎರಡು ಮೂರು ಮಳೆಗಾಲಗಳೊಳಗಾಗಿ ಉಬ್ಬಿ, ಪದರ ಬಿಟ್ಟು, ಕಪ್ಪಾಗಿ ನಾರುವುದನ್ನು ಅನೇಕರು ಕಂಡಿರಬಹುದು. ಇದಕ್ಕೆ ಮರದ ಕಳಪೆತನವೇ ಕಾರಣವೆಂದು ಭಾವಿಸಿ ಹೊಸ ಹಲಗೆಯನ್ನು ತಂದು ಹಿಂದಿನಂತೆಯೇ ಜೋಡಿಸಿದರೆ ಪುನಃ ಅದೇ ಗತಿಯಾಗುವುದು. ಎತ್ತಿನ ಗಾಡಿಗೂ ಮುಚ್ಚಿದ ವ್ಯಾನಿಗೂ ಇರುವ ಮುಖ್ಯ ಭೇದವೇನೆಂದರೆ, ಗಾಡಿಯು ತಾನಾಗಿ ಒಣಗುವುದು, ವ್ಯಾನು ಒಣಗದು. ನೀರು ಹಲಗೆಯ ಮುಖದ ಮೇಲೆ ಮಾಡುವ ಕೆಡುಕಿಗಿಂತ, ಕಣ್ಣಿಗೆ ಕಾಣದ ಅಂಚಿನಲ್ಲಿಯೂ ಬೆನ್ನಿನಲ್ಲಿಯೂ ಮಾಡುವ ಕೆಡುಕು ಹೆಚ್ಚು. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟು ಕೆಲಸ ಮಾಡಿದಲ್ಲಿ ಹಲಗೆಯು ಬಹುಕಾಲ ಬಾಳುವುದಲ್ಲದೆ ಅದರ ಮೇಲೆ ಸಾಗುವ ಧಾನ್ಯವೂ ತರಕಾರಿಯೂ ಸುರಕ್ಷಿತವಾಗಿರುವುವು.

ತೇವವು ಎಲ್ಲಿಂದ ಬರುವುದು

ಮಳೆಯ ನೀರು ಬಾಗಿಲ ಸಂದಿಯಿಂದ ಒಳಬರುವುದು, ತೊಳೆದ ಸೊಪ್ಪಿನಿಂದ ನೀರು ಸೋರುವುದು, ಹಾಲಿನ ಕ್ಯಾನುಗಳಿಂದ ತುಳುಕುವುದು, ಕೆಲಸಗಾರರ ಕಾಲಿನ ಕೆಸರು: ಇವೆಲ್ಲ ಎಲ್ಲರಿಗೂ ತಿಳಿದವೇ. ಇವುಗಳಿಗಿಂತ ಗುಟ್ಟಾಗಿ ಬರುವ ತೇವವೊಂದುಂಟು. ಅದು ಗಾಳಿಯಲ್ಲಿಯೇ ಅಡಗಿರುವ ನೀರಿನ ಆವಿ.

ಕಿತ್ತ ತರಕಾರಿಯು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತ ಶಾಖವನ್ನೂ ನೀರಿನ ಆವಿಯನ್ನೂ ಹೊರಬಿಡುತ್ತಲೇ ಇರುವುದು. ಒಂದು ಘನ ಮೀಟರು ಗಾಳಿಯು 30 ಡಿಗ್ರಿ ಸೆಂಟಿಗ್ರೇಡು ಉಷ್ಣದಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿಯನ್ನು ಹಿಡಿದುಕೊಳ್ಳಬಲ್ಲುದು. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಮನ್ನು ಮಾತ್ರ. ಆದಕಾರಣ 6 ಘನ ಮೀಟರು ಒಳಗಾತ್ರವುಳ್ಳ ವ್ಯಾನಿನೊಳಗೆ ಸಂಜೆ ಆವಿಯಿಂದ ತುಂಬಿದ ಬೆಚ್ಚನೆಯ ಗಾಳಿಯು ಬೆಳಗಿನ ಜಾವಕ್ಕೆ ಹೀಗೆ ತಣಿದರೆ, ಸುಮಾರು 80 ಗ್ರಾಂ ನೀರು ತಗಡಿನ ಮೇಲೆ ಹನಿಗಟ್ಟುವುದು. ಇದು ಅಲ್ಪವೆಂದು ತೋರಬಹುದು. ಆದರೆ ಒಳಗೆ ಸರಕಿರುವವರೆಗೂ ಆವಿಯು ಹೊಸದಾಗಿ ಹುಟ್ಟುತ್ತಲೇ ಇರುವುದು. ರಾತ್ರಿ ರಾತ್ರಿಯೂ ಇದೇ ನಡೆಯುವುದು. ಹನಿಗೂಡಿದರೆ ಹಳ್ಳವೆಂಬಂತೆ, ಈ ನೀರು ಛಾವಣಿಯಿಂದಲೂ ಗೋಡೆಯ ತಗಡಿನಿಂದಲೂ ಇಳಿದು ಹಲಗೆಯ ಹಿಂದೆ ಶೇಖರವಾಗುವುದು. ಅಲ್ಲಿಗೆ ಬಿಸಿಲಿಲ್ಲ, ಗಾಳಿಯೂ ಇಲ್ಲ.

ರಸಾಯನ ಗೊಬ್ಬರವನ್ನು ಸಾಗಿಸುವವರು ಮತ್ತೊಂದು ವಿಷಯವನ್ನು ತಿಳಿದಿರಬೇಕು. ಯೂರಿಯಾ ಮೊದಲಾದ ಗೊಬ್ಬರಗಳು ಗಾಳಿಯ ತೇವವನ್ನು ಸೆಳೆದುಕೊಳ್ಳುವ ಸ್ವಭಾವವುಳ್ಳವು. ಗಾಳಿಯ ಆರ್ದ್ರತೆಯು ಸುಮಾರು ಶೇಕಡ 75ನ್ನು ಮೀರಿತೆಂದರೆ ಚೆಲ್ಲಿದ ಯೂರಿಯಾ ಕಾಳುಗಳು ಕರಗಿ ನೀರಾಗುವುವು. ಈ ಗೊಬ್ಬರದ ನೀರು ಹಲಗೆಯ ಸಂದಿಗಳಲ್ಲಿ ಇಳಿದು ತಿರುಪುಗಳನ್ನೂ ತಗಡನ್ನೂ ತುಕ್ಕು ಹಿಡಿಸುವುದು. ಮೀನಿನ ಉಪ್ಪುನೀರಿನ ಪರಿಣಾಮವೂ ಹೀಗೆಯೇ.

ಪ್ಲೈವುಡ್ಡಿನ ಸ್ವಭಾವ

ಮರವನ್ನು ತೆಳುವಾದ ಹಾಳೆಗಳನ್ನಾಗಿ ಸುಲಿದು, ಒಂದರ ಎಳೆಯು ಮತ್ತೊಂದರ ಎಳೆಗೆ ಅಡ್ಡವಾಗುವಂತೆ ಬೆಸ ಸಂಖ್ಯೆಯಲ್ಲಿ ಜೋಡಿಸಿ, ನಡುವೆ ಅಂಟನ್ನು ಹಚ್ಚಿ ಶಾಖದಲ್ಲಿ ಒತ್ತಿದರೆ ಪ್ಲೈವುಡ್ ಆಗುವುದು. ಇಂತಹ ಹಲಗೆಯು ಸೀಳದು, ಬೇಗ ಬಾಗದು. ಆದರೆ ಎಷ್ಟಾದರೂ ಅದು ಮರವೇ. ಗಾಳಿಯು ತೇವವಾದಾಗ ಹೀರಿ ಹಿಗ್ಗುವುದು, ಒಣಗಿದಾಗ ಬಿಟ್ಟು ಕುಗ್ಗುವುದು. ಮರದಲ್ಲಿ ನೀರಿನಂಶವು ಶೇಕಡ 20ಕ್ಕೆ ಕೆಳಗಿರುವವರೆಗೆ ಅದನ್ನು ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲಾರವು. ಅದನ್ನು ಮೀರಿ ಬಹುಕಾಲ ನಿಂತರೆ ಕೊಳೆಯುವಿಕೆಗೆ ಎಡೆಯಾಗುವುದು. ಆದಕಾರಣ ನಮ್ಮ ಪ್ರಯತ್ನದ ಗುರಿಯು ಹಲಗೆಗೆ ಎಂದಿಗೂ ನೀರು ತಾಗದಂತೆ ಮಾಡುವುದಲ್ಲ. ತಾಗಿದ ನೀರು ಒಳಹೊಗದಂತೆಯೂ, ಹೊಕ್ಕದ್ದು ಬೇಗ ಹೊರಟುಹೋಗುವಂತೆಯೂ ಮಾಡುವುದು.

ಹಲಗೆಯ ಅಂಚಿನಲ್ಲಿ ಮರದ ಎಳೆಗಳ ತುದಿಗಳು ತೆರೆದಿರುವುವು. ಇವು ಹುಲ್ಲಿನ ಕೊಳವೆಗಳಂತೆ ನೀರನ್ನು ಎಳೆದುಕೊಳ್ಳುವುವು. 8 ಅಡಿ ಉದ್ದ, 4 ಅಡಿ ಅಗಲ, 12 ಮಿಲಿಮೀಟರು ದಪ್ಪದ ಒಂದು ಹಲಗೆಯಲ್ಲಿ ನಾಲ್ಕು ಅಂಚುಗಳನ್ನೂ ಕೂಡಿಸಿದರೆ ಒಟ್ಟು ಮೈಯ ವಿಸ್ತಾರದಲ್ಲಿ ನೂರಕ್ಕೆ ಒಂದೂವರೆಯಷ್ಟು ಮಾತ್ರ ಆಗುವುದು. ಹೀಗಿದ್ದರೂ ಕೆಡುಕು ಸಾಮಾನ್ಯವಾಗಿ ಮೊದಲಾಗುವುದು ಅಲ್ಲಿಂದಲೇ. ಜನರು ಕಾಣುವ ಮುಖಕ್ಕೆ ಹೊಳೆಯುವ ಬಣ್ಣವನ್ನು ಬಳಿದು ಅಂಚನ್ನೂ ಬೆನ್ನನ್ನೂ ಹಸಿಯಾಗಿ ಬಿಡುವುದು, ಕಣಜದ ಬಾಗಿಲಿಗೆ ಬೀಗ ಹಾಕಿ ಹಿಂದಿನ ಗೋಡೆಯನ್ನು ತೆರೆದಿಟ್ಟಂತೆಯೇ ಸರಿ.

ಹಲಗೆಯನ್ನು ಆರಿಸುವ ಬಗೆ

ಪೇಟೆಯಲ್ಲಿ ದೊರೆಯುವ ಪ್ಲೈವುಡ್ಡುಗಳಲ್ಲಿ ಅಂಟಿನ ಭೇದವೇ ಮುಖ್ಯವಾದುದು. ಎಂ.ಆರ್. ಎಂಬ ಗುರುತಿನದು ಗಾಳಿಯ ತೇವವನ್ನು ತಕ್ಕಮಟ್ಟಿಗೆ ತಡೆಯುವುದೇ ಹೊರತು ನೆನೆಯುವುದನ್ನು ಸಹಿಸದು. ಇದು ಮನೆಯೊಳಗಿನ ಪೆಟ್ಟಿಗೆ ಬೀರುಗಳಿಗೆ ತಕ್ಕುದು. ಬಿ.ಡಬ್ಲ್ಯು.ಆರ್. ಎಂಬುದು ಅದಕ್ಕಿಂತ ಉತ್ತಮ. ಭಾರತೀಯ ಮಾನಕ 710ಕ್ಕೆ ಅನುಗುಣವಾಗಿ ತಯಾರಿಸಿದ ಮೆರೈನ್ ಪ್ಲೈವುಡ್ಡಿನ ಅಂಟನ್ನು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವರು. ವ್ಯಾನಿನ ನೆಲಕ್ಕೆ ಇದೇ ಯೋಗ್ಯವಾದುದು, ಗೋಡೆಗಳಿಗೆ ಬಿ.ಡಬ್ಲ್ಯು.ಆರ್. ಸಾಕು. ಹಲಗೆಯ ಮೇಲೆ ಐ.ಎಸ್.ಐ. ಮುದ್ರೆಯೂ ಮಾನಕದ ಸಂಖ್ಯೆಯೂ ಇರುವುದನ್ನು ಕೊಳ್ಳುವವರೇ ಕಣ್ಣಾರೆ ನೋಡಿಕೊಳ್ಳತಕ್ಕದ್ದು. ಮಾರುವವನ ಬಾಯಿಮಾತು ಮುದ್ರೆಗೆ ಸಮನಲ್ಲ.

ಮೆರೈನ್ ಹಲಗೆಯಾದರೆ ಲೇಪನವೇ ಬೇಡವೆಂದು ತಿಳಿಯುವುದು ತಪ್ಪು. ಅಂಟು ನೀರಿಗೆ ಜಗ್ಗದಿದ್ದರೂ ಮರವು ಅಂಚಿನಿಂದ ನೀರನ್ನು ಹೀರಿಯೇ ಹೀರುವುದು.

ಮರವನ್ನು ಕಾಪಾಡುವ ಔಷಧಗಳ ವಿಷಯದಲ್ಲಿ ನಮ್ಮ ದೇಶವು ಹಿಂದೆ ಬಿದ್ದಿಲ್ಲ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇವುಗಳ ಲವಣಗಳಿಂದಾದ ‘ಆಸ್ಕು’ ಎಂಬ ಔಷಧವನ್ನು 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ಕಂಡುಹಿಡಿದರು. ಅದು ಲೋಕದ ನಾನಾ ಕಡೆಗಳಲ್ಲಿ ಬಳಕೆಗೆ ಬಂದಿತು. ಆದರೆ ಅದರಲ್ಲಿ ಆರ್ಸೆನಿಕ್, ಎಂದರೆ ಪಾಷಾಣದ ಅಂಶವಿರುವುದರಿಂದ ಕಂಬಗಳಿಗೆ ಒಪ್ಪುವ ಅಂತಹ ಔಷಧವು ಆಹಾರ ಸಾಗಿಸುವ ವ್ಯಾನಿಗೆ ಸರ್ವಥಾ ಕೂಡದು. ಗೆದ್ದಲು ಮತ್ತು ಕೊರೆಹುಳುಗಳ ಭಯವಿರುವಲ್ಲಿ ಬಿಳಿಗಾರ ಮತ್ತು ಬೋರಿಕ್ ಆಮ್ಲಗಳಿಂದ ಸಂಸ್ಕರಿಸಿದ ಹಲಗೆಯನ್ನು ತರಬಹುದು. ಈ ಔಷಧವು ನೀರಿನಲ್ಲಿ ಕರಗಿಹೋಗುವುದಾದ ಕಾರಣ ಮೇಲೆ ಲೇಪನವು ಅವಶ್ಯವಾಗಿ ಇರತಕ್ಕದ್ದು.

ಲೇಪನ ಮಾಡುವ ಕ್ರಮ

ಈ ಕೆಲಸವನ್ನು ಬೇಸಿಗೆಯಲ್ಲಿ, ರೋಹಿಣಿ ಮಳೆಗೆ ಮುಂಚಿತವಾಗಿಯೇ ಮುಗಿಸುವುದು ಉತ್ತಮ. ಕ್ರಮವು ಈ ಪ್ರಕಾರವಾಗಿ ಇರತಕ್ಕದ್ದು.

1. ಹಲಗೆಯನ್ನು ಮೊದಲು ಅಳತೆಗೆ ಕೊಯ್ದು, ತಿರುಪುಗಳಿಗೆ ಬೇಕಾದ ರಂಧ್ರಗಳನ್ನೆಲ್ಲ ಕೊರೆದು ಮುಗಿಸಬೇಕು. ಲೇಪನದ ಮೇಲೆ ಕೊಯ್ದರೆ ಹೊಸ ಹಸಿ ಅಂಚು ಹುಟ್ಟುವುದು.

2. ಹಲಗೆಯನ್ನು ನೆರಳಿನಲ್ಲಿ, ಕೆಳಗೆ ರೀಪುಗಳನ್ನಿಟ್ಟು ಗಾಳಿಯಾಡುವಂತೆ ಹಲವು ದಿನ ಒಣಗಿಸಬೇಕು. ಹಸಿಯಾದ ಹಲಗೆಗೆ ಬಣ್ಣ ಬಳಿದರೆ ತೇವವು ಒಳಗೇ ಸೆರೆಯಾಗಿ ಬಣ್ಣವು ಗುಳ್ಳೆಯೆದ್ದು ಕಿತ್ತುಬರುವುದು.

3. ಮರಳುಕಾಗದದಿಂದ ಉಜ್ಜಿ, ಧೂಳನ್ನು ಒರೆಸಿ, ಅಂಚಿನಲ್ಲಿ ಕಾಣುವ ಪೊಳ್ಳುಗಳನ್ನು ನೀರು ತಡೆಯುವ ಮೆತ್ತಿನಿಂದ ತುಂಬಬೇಕು.

4. ಅಂಚುಗಳಿಗೂ ರಂಧ್ರಗಳ ಒಳಮೈಗೂ ಎಪಾಕ್ಸಿ ಅಥವಾ ಪಾಲಿಯುರಿಥೇನ್ ಲೇಪನವನ್ನು ಮೂರು ಸಾರಿ ಹಚ್ಚಬೇಕು. ಮೊದಲನೆಯ ಸಾರಿ ಹಚ್ಚಿದ್ದು ಪೂರ್ತಿಯಾಗಿ ಹೀರಿಹೋಗುವುದು. ಅದನ್ನು ಲೆಕ್ಕಕ್ಕೆ ಹಿಡಿಯಲಾಗದು.

5. ಅನಂತರ ಮುಖಕ್ಕೂ ಬೆನ್ನಿಗೂ ಸಮನಾಗಿ ಎರಡು ಸಾರಿಯಾದರೂ ಹಚ್ಚಬೇಕು. ಒಂದೇ ಮಗ್ಗುಲಿಗೆ ಹಚ್ಚಿದರೆ ಮತ್ತೊಂದು ಮಗ್ಗುಲು ತೇವವನ್ನು ಹೀರಿ ಹಿಗ್ಗುವುದರಿಂದ ಹಲಗೆಯು ಸೊಟ್ಟಗಾಗುವುದು.

ಒಳ್ಳೆಯ ಪ್ರೈಮರಿನ ಮೇಲೆ ಎನಾಮಲ್ ಬಣ್ಣವನ್ನು ಬಳಿಯುವುದು ಇದಕ್ಕಿಂತ ಅಲ್ಪ ವೆಚ್ಚದ ಮಾರ್ಗವು. ಅದು ಬೇಗ ಸವೆಯುವುದರಿಂದ ವರ್ಷಕ್ಕೊಮ್ಮೆ ನೋಡಿ ಸರಿಪಡಿಸಬೇಕು. ಅಗಸೆ ಎಣ್ಣೆಯು ಗಾಳಿಯಲ್ಲಿ ಗಟ್ಟಿಯಾಗುವ ಗುಣವುಳ್ಳದ್ದಾದರೂ ಸದಾ ನೆನೆಯುವ ನೆಲಕ್ಕೆ ಅದೊಂದೇ ಸಾಲದು. ಅದನ್ನು ಹಚ್ಚಿದ ಬಟ್ಟೆಚೂರುಗಳನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆದರೆ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಆದುದರಿಂದ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಹೊಂಗೆ ಎಣ್ಣೆಯು ಎಷ್ಟು ದಿನವಾದರೂ ಗಟ್ಟಿಯಾಗದು; ಜಿಗುಟಾಗಿ ನಿಂತು ಧೂಳನ್ನು ಹಿಡಿಯುವುದಲ್ಲದೆ ಮುಂದೆ ಬಳಿಯುವ ಬಣ್ಣವು ಅಂಟದಂತೆಯೂ ಮಾಡುವುದು. ಕರಾವಳಿಯಲ್ಲಿ ದೋಣಿಗಳಿಗೆ ಹಚ್ಚುವ ಗೇರುಬೀಜದ ಚಿಪ್ಪಿನ ಎಣ್ಣೆಯು ಮರಕ್ಕೆ ಒಳ್ಳೆಯದಾದರೂ ಮೈಗೆ ತಗುಲಿದರೆ ಬೊಬ್ಬೆಯೇಳಿಸುವುದು. ಕೂಲಿಯಾಳುಗಳು ಬರಿಗಾಲಿನಲ್ಲಿ ನಿಲ್ಲುವ ವ್ಯಾನಿಗೆ ಅದು ತರವಲ್ಲ.

ಲೇಪನದ ಕೆಲಸವನ್ನು ಬಯಲಿನಲ್ಲಿ ಮಾಡಿಸುವುದು ಕ್ಷೇಮಕರ. ಮುಚ್ಚಿದ ವ್ಯಾನಿನೊಳಗೆ ಆ ಹೊಗೆಯನ್ನು ಸೇವಿಸುವುದು ಅಪಾಯಕರ. ಬೀಡಿ ಬೆಂಕಿಗಳನ್ನು ದೂರವಿಡಬೇಕು. ವಾಸನೆಯು ಪೂರ್ತಿಯಾಗಿ ಹೋಗುವವರೆಗೆ ಆಹಾರ ಪದಾರ್ಥಗಳನ್ನು ತುಂಬಕೂಡದು.

ಜೋಡಿಸುವ ಕ್ರಮ

ಹಲಗೆಯನ್ನು ಕೂರಿಸುವುದಕ್ಕೆ ಮುಂಚೆ ತಗಡಿನ ನೆಲವನ್ನು ತೊಳೆದು ಒಣಗಿಸಿ, ತುಕ್ಕು ಕಂಡಲ್ಲಿ ಕೆರೆದು ತುಕ್ಕುನಿರೋಧಕ ಪ್ರೈಮರನ್ನು ಹಚ್ಚಬೇಕು. ಬಾಗಿಲುಗಳ ಬುಡದಲ್ಲಿಯೂ ಅಡಿಪಟ್ಟಿಗಳಲ್ಲಿಯೂ ನೀರು ಬಸಿಯಲೆಂದು ಕಾರ್ಖಾನೆಯವರು ಬಿಟ್ಟಿರುವ ಸಣ್ಣ ರಂಧ್ರಗಳನ್ನು ಕೆಸರಿನಿಂದಾಗಲಿ ಬಣ್ಣದಿಂದಾಗಲಿ ಮುಚ್ಚಿಹೋಗಲು ಬಿಡಬಾರದು. ಗದ್ದೆಗೆ ಬಸಿಗಾಲುವೆಯು ಹೇಗೋ ವ್ಯಾನಿಗೆ ಈ ರಂಧ್ರಗಳು ಹಾಗೆ.

ಹಲಗೆಯು ನೇರವಾಗಿ ತಗಡಿಗೆ ಒತ್ತಿಕೊಂಡಿರಬಾರದು. ನೀರು ಹೀರದ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ನೀರು ಹರಿದುಹೋಗುವ ದಿಕ್ಕಿಗೆ ಅನುಗುಣವಾಗಿ ಕೆಳಗಿಟ್ಟು ಅದರ ಮೇಲೆ ಹಲಗೆಯನ್ನು ಕೂರಿಸಿದರೆ ಅಡಿಯಲ್ಲಿ ಗಾಳಿಗೆ ದಾರಿಯಾಗುವುದು. ಈ ಪಟ್ಟಿಗಳು ಹಲಗೆಯು ಭಾರಕ್ಕೆ ಬಗ್ಗದಷ್ಟು ಹತ್ತಿರವಾಗಿರಬೇಕು. ಸಂದು ತುಂಬಲೆಂದು ಗೋಣಿತಟ್ಟು, ಹತ್ತಿ, ಹಳೆಯ ಕಂಬಳಿ ಇವನ್ನು ಹಾಕುವುದು ಕೇವಲ ಅವಿವೇಕ. ಅವು ನೀರನ್ನು ಹಿಡಿದಿಟ್ಟು ಹಲಗೆಗೆ ಉಣಿಸುವುವು. ಅಂಚುಗಳ ಸುತ್ತಲೂ 3ರಿಂದ 5 ಮಿಲಿಮೀಟರು ತೆರಪನ್ನು ಬಿಟ್ಟಲ್ಲಿ ಹಲಗೆಯು ಹಿಗ್ಗಿದಾಗ ಉಬ್ಬಿ ಏಳದು. ಗೋಡೆಯ ಹಲಗೆಯ ಕೆಳತುದಿಯು ನೆಲಕ್ಕೆ ಮುಟ್ಟದೆ ಒಂದು ಬೆರಳಿನಷ್ಟು ಮೇಲಿರತಕ್ಕದ್ದು.

ತಿರುಪುಗಳು ತುಕ್ಕುಹಿಡಿಯದ ಉಕ್ಕಿನವಾಗಿರಬೇಕು; ತಲೆಯ ಕೆಳಗೆ ವಾಷರನ್ನು ಹಾಕಬೇಕು. ತಗಡಿನಲ್ಲಿ ಹೊಸದಾಗಿ ಕೊರೆದ ರಂಧ್ರದ ಅಂಚಿಗೆ ಪ್ರೈಮರನ್ನು ಮುಟ್ಟಿಸದೆ ಬಿಡಕೂಡದು. ಕೊರೆಯುವುದಕ್ಕೆ ಮುಂಚೆ ಕೆಳಗೆ ಎಣ್ಣೆಯ ತೊಟ್ಟಿ, ಬ್ರೇಕಿನ ಕೊಳವೆ, ವಿದ್ಯುತ್ತಂತಿಗಳು ಇಲ್ಲವೆಂಬುದನ್ನು ನೋಡಿಕೊಳ್ಳಬೇಕು. ಛಾವಣಿಯ ತಗಡಿಗೆ, ನೀರು ಹೀರದ ಮುಚ್ಚುಗುಳ್ಳೆಯ ಫೋಮ್ ಹಾಳೆಯನ್ನು ಸಂದಿಲ್ಲದಂತೆ ಅಂಟಿಸಿದರೆ ಬೆಚ್ಚನೆಯ ಗಾಳಿಯು ತಣ್ಣನೆಯ ಲೋಹಕ್ಕೆ ತಾಗದೆ ಹನಿಗಟ್ಟುವುದು ಬಹುಮಟ್ಟಿಗೆ ಕಡಿಮೆಯಾಗುವುದು.

ನಿತ್ಯದಲ್ಲಿ ವಹಿಸತಕ್ಕ ಎಚ್ಚರಿಕೆ

ಎಷ್ಟು ಉತ್ತಮವಾಗಿ ಜೋಡಿಸಿದರೂ ಮುಚ್ಚಿಟ್ಟ ವ್ಯಾನು ಒಣಗದು. ಸರಕನ್ನು ಇಳಿಸಿದ ಕೂಡಲೆ ಗುಡಿಸಿ, ಒದ್ದೆಯನ್ನು ಒರೆಸಿ, ಎರಡು ಕಡೆಯ ಬಾಗಿಲುಗಳನ್ನೂ ತೆರೆದು ಗಾಳಿಗೆ ನಿಲ್ಲಿಸಬೇಕು. ತೊಳೆದ ದಿನ ಸಂಜೆ ಬೀಗ ಹಾಕುವ ವಾಡಿಕೆಯನ್ನು ಬಿಡಬೇಕು. ಬೆಳಿಗ್ಗೆ ತೊಳೆದರೆ ಹಗಲೆಲ್ಲ ಒಣಗಲು ಅವಕಾಶವಿರುವುದು. ರಬ್ಬರು ಹಾಸನ್ನು ವಾರಕ್ಕೊಮ್ಮೆಯಾದರೂ ಎತ್ತಿ ನೋಡಬೇಕು. ಅದು ಮೇಲಿನ ನೀರನ್ನು ತಡೆಯುವಂತೆಯೇ ಅಡಿಗೆ ಸೇರಿದ ನೀರನ್ನೂ ಹೊರಡದಂತೆ ತಡೆಯುವುದು. ತೊಳೆದ ಸೊಪ್ಪು ತರಕಾರಿಗಳನ್ನು ನೀರು ಬಸಿದ ಮೇಲೆಯೇ ಏರಿಸತಕ್ಕದ್ದು. ಐಸು ಹಾಕಿದ ಮೀನನ್ನು ಸಾಗಿಸುವವರು ಪ್ಲೈವುಡ್ಡನ್ನು ನಂಬದೆ, ಮೇಲೆ ಫೈಬರ್ ಗ್ಲಾಸಿನ ತಡೆಯಿಲ್ಲದ ಹಾಸನ್ನು ಕಟ್ಟಿಸುವುದೇ ಲೇಸು.

ಅಡಿಕೆ, ನೆಲಗಡಲೆ, ಮುಸುಕಿನ ಜೋಳ ಇವುಗಳ ಮೂಟೆಗಳನ್ನು ಬರಿಯ ಹಲಗೆಯ ಮೇಲಿಡದೆ ರೀಪುಗಳ ಮೇಲೆ ಇಡುವುದು ಒಳ್ಳೆಯದು. ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿದ ಮಾಲು ಒಂದು ರಾತ್ರಿ ಒದ್ದೆ ಹಲಗೆಯ ಮೇಲಿದ್ದರೆ ತಳದ ಮೂಟೆಯಲ್ಲಿ ಬೂಷ್ಟು ಹುಟ್ಟುವುದಕ್ಕೆ ದಾರಿಯಾಗುವುದು. ನೆಲಗಡಲೆ ಮತ್ತು ಜೋಳಗಳಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷವುಂಟಾಗುವುದು. ಅದು ಅಡುಗೆಯ ಶಾಖಕ್ಕೂ ಪೂರ್ತಿಯಾಗಿ ನಾಶವಾಗದು.

ಕೀಟನಾಶಕಗಳ ವಿಷಯ

ಒದ್ದೆಯಾಗುವ ಹಲಗೆಯಿಂದ ಬರುವ ನಷ್ಟಗಳಲ್ಲಿ ಹಣದ ನಷ್ಟವು ಸಣ್ಣದು. ನೀರನ್ನು ಹೀರುವ ಮರವು ಚೆಲ್ಲಿದ ಔಷಧವನ್ನೂ ಹೀರುವುದು. ಮೇಲೆ ಒರೆಸಿದರೆ ಹೋಗದು. ಬೆಳಿಗ್ಗೆ ಕೀಟನಾಶಕದ ಡಬ್ಬಗಳನ್ನು ತಂದ ವ್ಯಾನಿನಲ್ಲಿ ಸಂಜೆ ರಾಗಿಯ ಮೂಟೆಗಳು ಸಾಗುವುದು ಗ್ರಾಮಗಳಲ್ಲಿ ಅಪರೂಪವಲ್ಲ.

1958ರಲ್ಲಿ ಕೇರಳದಲ್ಲಿ ನಡೆದ ದುರಂತವು ಈ ವಿಷಯದಲ್ಲಿ ಎಲ್ಲರ ಕಣ್ಣನ್ನೂ ತೆರೆಯಿಸತಕ್ಕುದು. ಪ್ಯಾರಾಥಿಯಾನ್ ಎಂಬ ಕೀಟನಾಶಕವು ಆಹಾರ ಪದಾರ್ಥಗಳೊಂದಿಗೆ ಒಂದೇ ಹಡಗಿನಲ್ಲಿ ಬಂದು, ಸೋರಿ, ಗೋಧಿಹಿಟ್ಟಿಗೆ ಬೆರೆಯಿತು. ಅದನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಅನಂತರ 1968ರಲ್ಲಿ ಕೀಟನಾಶಕಗಳ ಅಧಿನಿಯಮವು ಅಂಗೀಕೃತವಾಗಿ, 1971ರಲ್ಲಿ ಅದೂ ಅದರ ನಿಯಮಗಳೂ ಜಾರಿಗೆ ಬಂದುವು. ಕೀಟನಾಶಕಗಳು ಮನುಷ್ಯರ ಆಹಾರಕ್ಕಾಗಲಿ ದನಕರುಗಳ ಮೇವಿಗಾಗಲಿ ತಗುಲುವಂತೆ ಅವನ್ನು ಸಾಗಿಸುವುದನ್ನೂ ದಾಸ್ತಾನು ಮಾಡುವುದನ್ನೂ ಆ ನಿಯಮಗಳು ನಿಷೇಧಿಸಿದುವು.

ಆದುದರಿಂದ ಔಷಧವನ್ನು ಆಹಾರದ ವ್ಯಾನಿನಲ್ಲಿ ತರದಿರುವುದೇ ಪರಮೋತ್ತಮ. ಎಂದಾದರೂ ಔಷಧವು ಚೆಲ್ಲಿ ಹಲಗೆಯು ಹೀರಿಕೊಂಡಿತೆಂದು ಕಂಡಲ್ಲಿ, ಆ ಹಲಗೆಯು ಎಷ್ಟೇ ಗಟ್ಟಿಯಾಗಿರಲಿ, ಅದನ್ನು ತೆಗೆದುಹಾಕಬೇಕು. ಅದನ್ನು ಒಲೆಗೆ ಹಾಕುವುದಾಗಲಿ, ಕೊಟ್ಟಿಗೆಗೆ ಹೊದಿಸುವುದಾಗಲಿ ಸಲ್ಲದು. ಹಲಗೆಯ ಬೆಲೆಯನ್ನು ಮನುಷ್ಯರ ಪ್ರಾಣದೊಡನೆ ತೂಗಿ ನೋಡುವವರು ಯಾರೂ ಇರಲಾರರು.

ಹಳೆಯ ಹಲಗೆಯ ಪರೀಕ್ಷೆ

ಈಗಾಗಲೇ ಹಲಗೆ ಹೊದಿಸಿರುವವರು ಮಳೆಗಾಲಕ್ಕೆ ಮೊದಲು ಒಮ್ಮೆ, ಕಳೆದ ಮೇಲೆ ಒಮ್ಮೆ ಅದನ್ನು ಪರೀಕ್ಷಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ಶಬ್ದ ಬಂದರೆ ಪದರ ಬಿಟ್ಟಿರುವುದೆಂದು ಅರ್ಥ. ಅಂಚಿನಲ್ಲಿ ದಬ್ಬಳದ ಮೊನೆಯು ಸುಲಭವಾಗಿ ಇಳಿದರೆ ಮರವು ಕೊಳೆತಿರುವುದು. ತೂಕದಿಂದಲೂ ತಿಳಿಯಬಹುದು: ಹಿಂದೆ ಹೇಳಿದ ಅಳತೆಯ ಹಲಗೆಯು ಒಣಗಿರುವಾಗ ಸುಮಾರು 23 ಕಿಲೋ ತೂಗುವುದಾದರೆ, ನೀರಿನಂಶವು ಶೇಕಡ 10ರಿಂದ 25ಕ್ಕೆ ಏರಿದಾಗ 3 ಕಿಲೋಗಿಂತ ಹೆಚ್ಚು ಭಾರವಾಗುವುದು. ಜೋಡಿಸುವುದಕ್ಕೆ ಮುಂಚೆ ಹಲಗೆಯ ತೂಕವನ್ನು ಅದರ ಬೆನ್ನಿನ ಮೇಲೆಯೇ ಬರೆದಿಟ್ಟರೆ ಮುಂದೆ ಬಿಚ್ಚಿದಾಗ ಹೋಲಿಸಿ ನೋಡಲು ಅನುಕೂಲ.

ಬರಿಯ ತೇವವಾಗಿದ್ದರೆ ಹಲಗೆಯನ್ನು ಬಿಚ್ಚಿ, ಚೆನ್ನಾಗಿ ಒಣಗಿಸಿ, ಪುನಃ ಲೇಪಿಸಬಹುದು. ಪದರ ಬಿಟ್ಟ ಹಲಗೆಯನ್ನು ಬಣ್ಣದಿಂದ ಉಳಿಸಲಾಗದು. ಆ ಭಾಗವನ್ನು ಬದಲಾಯಿಸುವುದೊಂದೇ ಉಪಾಯ.

ಗ್ರಾಮಪ್ರಮುಖರಲ್ಲಿ ವಿಜ್ಞಾಪನೆ

ಮೇಲೆ ಹೇಳಿದ ಕೆಲಸಗಳಲ್ಲಿ ಊರ ಬಡಗಿಯ ಕೈಮೀರಿದ್ದು ಯಾವುದೂ ಇಲ್ಲ. ಆದರೆ ಬಡಗಿಯು ಹೇಳಿದ್ದಷ್ಟನ್ನೇ ಮಾಡುವನು; ಅಂಚಿಗೂ ಬೆನ್ನಿಗೂ ಲೇಪನವಾಗಲೇಬೇಕೆಂದು ಹೇಳಿ ಎದುರಿಗೆ ನಿಂತು ಮಾಡಿಸತಕ್ಕವರು ಒಡೆಯರೇ. ಗ್ರಾಮದ ಯಜಮಾನರೂ ಭೂಮಾಲೀಕರೂ ಮೊದಲು ತಮ್ಮ ವ್ಯಾನೊಂದರಲ್ಲಿ ಈ ಕ್ರಮವನ್ನು ಅನುಸರಿಸಿ, ಬೆನ್ನಿನ ಲೇಪನವನ್ನು ನೆರೆಹೊರೆಯವರಿಗೆ ತೋರಿಸಿ, ಅನಂತರವೇ ಹಲಗೆಯನ್ನು ಕೂರಿಸುವಂತಾದರೆ ಉಳಿದವರಿಗೆ ಅದೇ ಪಾಠವಾಗುವುದು. ವ್ಯಾನನ್ನು ನಡೆಸುವವರಿಗೂ ಮೂಟೆ ಹೊರುವವರಿಗೂ ಬಾಗಿಲು ತೆರೆದಿಡುವ ಪದ್ಧತಿಯನ್ನು ಕಲಿಸಬೇಕು. ಔಷಧದ ಡಬ್ಬಗಳನ್ನು ಆಹಾರದ ವ್ಯಾನಿನಲ್ಲಿ ಹೇರಕೂಡದೆಂಬ ಕಟ್ಟಳೆಯನ್ನು ಊರಿನವರೆಲ್ಲರೂ ಕೂಡಿ ಒಪ್ಪಿಕೊಳ್ಳುವಂತೆ ಮಾಡಬೇಕು.

ಅಂಚನ್ನು ಮುಚ್ಚುವುದು, ಬೆನ್ನನ್ನು ಮರೆಯದಿರುವುದು, ಗಾಳಿಗೆ ದಾರಿ ಬಿಡುವುದು ಈ ಮೂರನ್ನು ಪಾಲಿಸಿದಲ್ಲಿ ಒಂದು ಸಾರಿ ಮಾಡಿದ ಖರ್ಚು ಅನೇಕ ವರ್ಷಗಳ ಕಾಲ ಫಲ ಕೊಡುವುದು. ರೋಹಿಣಿ ಮಳೆಯು ಬರುವುದರೊಳಗಾಗಿ ಒಮ್ಮೆ ಹಾಸನ್ನೆತ್ತಿ ನೋಡಬೇಕೆಂದು ವಾಚಕ ಮಹಾಶಯರನ್ನು ಕೋರುತ್ತೇವೆ.